ಅಗ್ಗದ ಫೋನಿಗೆ ಆಯುಷ್ಯವೆಷ್ಟು?

ದಸರಾ-ದೀಪಾವಳಿ ಬಂತೆಂದರೆ ರಿಯಾಯಿತಿಯ ಡಂಗುರ ಗುಡೇಕೋಟೆಯಂಥ ಊರಿಗೂ ಮುಟ್ಟುತ್ತದೆ. ಇಳಿದ ಬೆಲೆಯನ್ನು ಸಾರುವ ಕಂಪನಿಗಳು, ಫೋನಿಗೆ ಎಷ್ಟು ವರ್ಷ ಅಪ್‌ಡೇಟ್ ಕೊಡುವೆವೆಂದು ಅಷ್ಟೇ ಗಟ್ಟಿಯಾಗಿ ಏಕೆ ಸಾರುವುದಿಲ್ಲ? ಅಪ್‌ಡೇಟ್ ಬರಿಯ ಹೊಸ ಸೌಕರ್ಯವಲ್ಲ. ಕಳ್ಳಗಂಡಿ ಮುಚ್ಚುವ ಬೀಗವೂ ಹೌದು. ಅದು ನಿಂತರೆ ಫೋನಿನಲ್ಲೇ ಹಣ ಪಡೆಯುವ ಚಿಲ್ಲರೆ ವ್ಯಾಪಾರಿಗೂ ಗಿರಣಿ ಕಾರ್ಮಿಕನಿಗೂ ಅಪಾಯ. 2025ರ ಜನವರಿಯಿಂದ ಆಂಡ್ರಾಯ್ಡ್ 4.4ರ ಫೋನುಗಳಲ್ಲಿ ವಾಟ್ಸಾಪ್ ನಿಂತೇಹೋಯಿತು. 2024ರ ದುಬಾರಿ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷದ ಭರವಸೆ. ಅಗ್ಗದ ಎಷ್ಟೋ ಫೋನುಗಳಿಗೆ ಎರಡು-ಮೂರೇ ವರ್ಷ. ಇದು ಅಗ್ಗವೆಂದು ಮುಗ್ಗಲು ಜೋಳ ಕೊಂಡಂತೆ! ಐರೋಪ್ಯ ಒಕ್ಕೂಟವು 2025ರ ಜೂನ್ 20ರಿಂದ, ಮಾರಾಟ ನಿಂತ ಮೇಲೂ 5 ವರ್ಷ ಅಪ್‌ಡೇಟ್ ಕೊಡಬೇಕೆಂದು ವಿಧಿಸಿದೆ. ನಮ್ಮಲ್ಲೂ ಕಾನೂನು ಬರಲಿ. ಔಷಧಿಯ ಮೇಲಿರುವಂತೆ ಫೋನಿನ ಡಬ್ಬಿಯ ಮೇಲೂ ಅಂತಿಮ ದಿನಾಂಕ ಅಚ್ಚಾಗಲಿ ಎಂದು ನಾವು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ, ಬಂಧುಗಳೇ, ಬೆಲೆಗೆ ಮೊದಲು ಆಯುಷ್ಯ ಕೇಳೋಣ.