ಮುಂಬಯಿಯಲ್ಲಿ ಅಚ್ಚಾದದ್ದು, ಮದರಾಸಿಗೆ ಬಾರದ್ದು



ಕಳೆದ ಸಂಚಿಕೆಯನ್ನು ಅಂಚೆಗೆ ಹಾಕಿ ಮೂರು ವಾರವಾಗಿರಬೇಕು, ಒಂದು ಸಂಜೆ ನಮಗೆ ಫೋನು ಬಂತು. ಮಾತನಾಡಿದವರು ನಮ್ಮ ಸಂಘದ ಹಳೆಯ ಸದಸ್ಯೆ. ಮಾಟುಂಗದಲ್ಲಿ ಮೂವತ್ತು ವರ್ಷ ಸಂಸಾರ ಮಾಡಿ, ಈಗ ಚೆನ್ನೈಯಲ್ಲಿ ಮಗನ ಮನೆಯಲ್ಲಿ ಇರುವವರು. “ಏನು ರಾಯರೇ, ಈ ಸಲ ಪತ್ರಿಕೆ ತರಲೇ ಇಲ್ಲವೋ?” ಎಂದರು. ತಂದಿದ್ದೇವಮ್ಮ, ಅಚ್ಚಾಗಿ ತಿಂಗಳಾಗುತ್ತ ಬಂತು ಎಂದೆವು. “ನಿಮ್ಮಲ್ಲಿ ಅಚ್ಚಾದರೆ ನನಗೇನು ಬಂತು? ನನ್ನ ಕೈಗೆ ಬಂದಾಗಲ್ಲವೇ ಅದು ಪತ್ರಿಕೆ!”

ತಪ್ಪು ನಮ್ಮದೇ. ಅವರ ಪ್ರತಿ ಮಾಟುಂಗದ ಹಳೆಯ ವಿಳಾಸಕ್ಕೇ ಹೋಗಿತ್ತು. ಕ್ಷಮೆ ಕೇಳಿ ಫೋನು ಇಟ್ಟ ಮೇಲೂ ಅವರ ಮಾತು ನಮ್ಮನ್ನು ಬಿಡಲಿಲ್ಲ. ಇದೇ ಮಾತನ್ನು 1950ರಲ್ಲಿ ನಮ್ಮ ದೇಶದ ಸುಪ್ರೀಂ ಕೋರ್ಟು ಹೇಳಿದೆ. ಅಲ್ಲಿಯೂ ಪ್ರಶ್ನೆ ಇದ್ದದ್ದು ಮುಂಬಯಿಯಲ್ಲಿ ಅಚ್ಚಾಗಿ ಮದರಾಸಿಗೆ ಹೋಗಲಾರದ ಪತ್ರಿಕೆಯದೇ. ಅಲ್ಲಿ ತಡೆದು ನಿಲ್ಲಿಸಿದ್ದು ಮಾತ್ರ ಹಳೆಯ ವಿಳಾಸವಲ್ಲ, ಸರಕಾರ.

ಪತ್ರಿಕೆಯ ಹೆಸರು ‘ಕ್ರಾಸ್ ರೋಡ್ಸ್’. ಮುಂಬಯಿಯಿಂದ ಹೊರಡುತ್ತಿದ್ದ ಇಂಗ್ಲಿಷ್ ವಾರಪತ್ರಿಕೆ, ಎಡಪಂಥದ್ದು. ಮುದ್ರಕರು, ಪ್ರಕಾಶಕರು, ಸಂಪಾದಕರು ಮೂರೂ ಆಗಿದ್ದವರು ರೊಮೇಶ್ ಥಾಪರ್. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಎರಡು ತಿಂಗಳು ಕೂಡ ತುಂಬಿರಲಿಲ್ಲ, ಮಾರ್ಚ್ 1ರಂದು ಮದರಾಸು ಸರಕಾರ ಆಜ್ಞೆ ಹೊರಡಿಸಿತು: ಈ ಪತ್ರಿಕೆ ನಮ್ಮ ಪ್ರಾಂತದೊಳಗೆ ಬರಕೂಡದು, ಬಂದರೂ ಹಂಚಕೂಡದು, ಮಾರಕೂಡದು. ಅದಕ್ಕೆ ಆಧಾರ 1949ರ ಸಾರ್ವಜನಿಕ ಶಾಂತಿಪಾಲನೆಯ ಶಾಸನ. ಕಾಲವೂ ಬಿಸಿಯಾಗಿತ್ತು. ಫೆಬ್ರವರಿ 11ರಂದು ಸೇಲಂ ಸೆರೆಮನೆಯಲ್ಲಿ ಗುಂಡು ಹಾರಿ 22 ಮಂದಿ ಕಮ್ಯೂನಿಸ್ಟ್ ಬಂದಿಗಳು ಸತ್ತಿದ್ದರು.

ಇಲ್ಲಿ ಕನ್ನಡಿಗರಾದ ನಾವು ಒಂದು ಕ್ಷಣ ನಿಲ್ಲಬೇಕು. ಆಗಿನ ಮದರಾಸು ಪ್ರಾಂತವೆಂದರೆ ಬರಿಯ ತಮಿಳುನಾಡಲ್ಲ. ನಮ್ಮ ಬಳ್ಳಾರಿ, ಹೊಸಪೇಟೆ, ಮಂಗಳೂರು, ಉಡುಪಿ ಎಲ್ಲ ಅದರೊಳಗಿದ್ದವು. ಹುಬ್ಬಳ್ಳಿ, ಗದಗ, ಕಾರವಾರ ಮುಂಬಯಿ ಪ್ರಾಂತದಲ್ಲಿದ್ದವು. ಕೊಪ್ಪಳ ಹೈದರಾಬಾದಿನದು. ಗದಗಿನಲ್ಲಿ ಈ ಪತ್ರಿಕೆ ಕೊಂಡು ಬಳ್ಳಾರಿಯ ಗಾಡಿ ಹತ್ತಿದವನನ್ನು ನೆನೆಸಿಕೊಳ್ಳಿ. ಗದಗಿನಲ್ಲಿ ಅದನ್ನು ರಾಜಾರೋಷವಾಗಿ ಓದಬಹುದಿತ್ತು. ನಡುವೆ ಕೊಪ್ಪಳ ಬಂದಾಗ ಬೇರೆ ಸರಕಾರ. ಹೊಸಪೇಟೆಗೆ ಇಳಿಯುವಾಗ ಅದೇ ಕಾಗದ ಬಹಿಷ್ಕೃತ ಮಾಲು! ಭಟ್ಕಳದಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿಯೂ ಇದೇ ಪಾಡು. ಒಂದೇ ಭಾಷೆಯ, ಒಂದೇ ಬಳಗದ ಎರಡು ಮನೆಗಳಲ್ಲಿ ಒಂದು ಮನೆ ಓದಬಹುದು, ಇನ್ನೊಂದು ಮನೆ ಓದಕೂಡದು. ಬಳ್ಳಾರಿ 1953ರಲ್ಲಿ, ಮಂಗಳೂರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಕಥೆ ನಿಮಗೆಲ್ಲ ತಿಳಿದದ್ದೇ. ಅದನ್ನು ಇನ್ನೊಮ್ಮೆ ಬರೆಯೋಣ.

ಥಾಪರ್ ಅವರು ಮದರಾಸಿನ ಹೈಕೋರ್ಟಿಗೆ ಹೋಗಲಿಲ್ಲ. ನೇರವಾಗಿ ದಿಲ್ಲಿಗೆ ಹೋದರು. ಸುಪ್ರೀಂ ಕೋರ್ಟಿಗೆ ಆಗ ಸ್ವಂತ ಕಟ್ಟಡವೂ ಇರಲಿಲ್ಲ. ಪಾರ್ಲಿಮೆಂಟ್ ಭವನದಲ್ಲಿ, ಹಿಂದೆ ರಾಜಮಹಾರಾಜರ ಮಂಡಲಿ ಕೂಡುತ್ತಿದ್ದ ಸಭಾಂಗಣದಲ್ಲೇ ನ್ಯಾಯಮೂರ್ತಿಗಳು ಕುಳಿತುಕೊಳ್ಳುತ್ತಿದ್ದರು. ಮದರಾಸಿನ ಅಡ್ವೊಕೇಟ್ ಜನರಲ್ಲರು ಮೊದಲು ತಕರಾರು ಎತ್ತಿದ್ದೇ, ಮೊದಲು ಹೈಕೋರ್ಟಿಗೆ ಹೋಗದೆ ಇಲ್ಲಿಗೇಕೆ ಬಂದರು ಎಂದು. ಸುಪ್ರೀಂ ಕೋರ್ಟಿಗೆ ಬರುವುದೇ ಸಂವಿಧಾನದ 32ನೆಯ ವಿಧಿ ಪ್ರಜೆಗೆ ಕೊಟ್ಟ ಒಂದು ಮೂಲಭೂತ ಹಕ್ಕು, ಬಂದವನನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಲಾಗದು ಎಂದು ನ್ಯಾಯಾಲಯ ಹೇಳಿತು. ನಮಗಂತೂ ಇಡೀ ತೀರ್ಪಿನಲ್ಲಿ ಇದು ಕಡಿಮೆ ಬೆಲೆಯ ಮಾತೆಂದು ತೋರುವುದಿಲ್ಲ.

ತೀರ್ಪು ಬಂದದ್ದು 1950ರ ಮೇ 26ರಂದು. ಬರೆದವರು ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಗಳು. ಅವರು ಮದರಾಸಿನವರೇ ಎಂಬುದನ್ನು ಗಮನಿಸಬೇಕು. ಮಾತಿನ ಸ್ವಾತಂತ್ರ್ಯದೊಳಗೆ ಅದನ್ನು ಹರಡುವ ಸ್ವಾತಂತ್ರ್ಯವೂ ಸೇರಿದೆ, ಪ್ರಸಾರವಿಲ್ಲದೆ ಪ್ರಕಟಣೆಗೆ ಬೆಲೆಯಿಲ್ಲ ಎಂದು ಅವರು ನಿರ್ಣಯಿಸಿದರು. ನಮ್ಮ ಚೆನ್ನೈಯ ಅಮ್ಮನವರ ಮಾತೂ ಇದೇ ಅಲ್ಲವೇ?

ಈ ಮಾತಿಗೆ ಅವರು ಆಧಾರವಾಗಿ ತೆಗೆದುಕೊಂಡದ್ದು ಅಮೆರಿಕದ ಖಟ್ಲೆಗಳನ್ನು. ಜಾರ್ಜಿಯ ರಾಜ್ಯದ ಗ್ರಿಫಿನ್ ಎಂಬ ಊರಿನಲ್ಲಿ, ಊರಿನ ಅಧಿಕಾರಿಯ ಲಿಖಿತ ಒಪ್ಪಿಗೆಯಿಲ್ಲದೆ ಯಾರೂ ಯಾವ ಕರಪತ್ರವನ್ನೂ ಹಂಚಕೂಡದೆಂದು ಕಟ್ಟಳೆಯಿತ್ತು. ಅಲ್ಮಾ ಲೊವೆಲ್ ಎಂಬ ಮಹಿಳೆ ಒಪ್ಪಿಗೆ ಕೇಳದೆ ತನ್ನ ಮತದ ಪುಸ್ತಿಕೆಗಳನ್ನು ಹಂಚಿದರು. ಐವತ್ತು ಡಾಲರು ದಂಡ, ತಪ್ಪಿದರೆ ಐವತ್ತು ದಿನ ಸೆರೆ ಎಂದಾಯಿತು. 1938ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಟ್ಟಳೆಯನ್ನೇ ತಳ್ಳಿಹಾಕಿತು. ಪ್ರಸಾರದ ಬೆಲೆಯ ಮಾತು ಆ ನ್ಯಾಯಾಲಯಕ್ಕೂ 1878ರ ಇನ್ನೊಂದು ಖಟ್ಲೆಯಿಂದ ಬಂದದ್ದು. ಅಲ್ಲಿದ್ದ ಜಾಕ್ಸನ್ ಎಂಬಾತ ಅಂಚೆಯಲ್ಲಿ ಲಾಟರಿಯ ಸುತ್ತೋಲೆ ಕಳಿಸಿ ಸಿಕ್ಕಿಬಿದ್ದವನು. ಲಾಟರಿಯವನು ಸೋತ, ಅವನ ಖಟ್ಲೆಯಲ್ಲಿ ಬಂದ ಮಾತು ಮಾತ್ರ ಸಮುದ್ರ ದಾಟಿ ದಿಲ್ಲಿಗೆ ಬಂದು ಗೆದ್ದಿತು!

ಇನ್ನು ಶಾಸನದ ವಿಷಯ. ಆಗ ಸಂವಿಧಾನದ 19ನೆಯ ವಿಧಿ ಮಾತಿಗೆ ಹಾಕಿದ್ದ ಬೇಲಿಗಳು ಕೆಲವೇ: ಮಾನನಷ್ಟ, ನ್ಯಾಯಾಲಯ ನಿಂದನೆ, ಸಭ್ಯತೆ ನೀತಿಗಳ ಉಲ್ಲಂಘನೆ, ಮತ್ತು ರಾಜ್ಯದ ಭದ್ರತೆಯನ್ನು ಕೆಡಿಸುವುದು ಅಥವಾ ರಾಜ್ಯವನ್ನು ಉರುಳಿಸಹೊರಡುವುದು. ಮದರಾಸಿನ ಶಾಸನದಲ್ಲಿ ಇದ್ದದ್ದು ‘ಸಾರ್ವಜನಿಕ ಸುರಕ್ಷತೆ’, ‘ಸಾರ್ವಜನಿಕ ಶಾಂತಿ’ ಎಂಬ ಅಗಲವಾದ ಶಬ್ದಗಳು. ಬೇಜವಾಬ್ದಾರಿಯಿಂದ ಗಾಡಿ ಓಡಿಸುವುದನ್ನು ಕೂಡ ದಂಡಸಂಹಿತೆ ಸಾರ್ವಜನಿಕ ಸುರಕ್ಷತೆಯ ಅಧ್ಯಾಯದಲ್ಲೇ ಇಟ್ಟಿದೆ ಎಂದು ಶಾಸ್ತ್ರಿಗಳು ತೋರಿಸಿದರು. ಬೀದಿಯ ಜಗಳಕ್ಕೂ ರಾಜ್ಯ ಉರುಳಿಸುವ ಸಂಚಿಗೂ ಒಂದೇ ಹಗ್ಗ ಬಿಗಿಯಲಾದೀತೇ? ಆ ಕಲಮು ರದ್ದಾಯಿತು, ಪತ್ರಿಕೆಯ ಮೇಲಿನ ತಡೆಯೂ ಹೋಯಿತು.

ನ್ಯಾಯಮೂರ್ತಿ ಫಜಲ್ ಅಲಿ ಒಬ್ಬರೇ ಇದಕ್ಕೆ ಒಪ್ಪಲಿಲ್ಲ. ದೊಡ್ಡ ಗಲಭೆಯೆದ್ದರೆ ರಾಜ್ಯದ ಭದ್ರತೆಗೂ ಪೆಟ್ಟು ಬೀಳುತ್ತದೆ, ಇವೆರಡನ್ನು ಹೀಗೆ ಬೇರ್ಪಡಿಸಲಾಗದು ಎಂಬುದು ಅವರ ವಾದ. ದೇಶ ವಿಭಜನೆಯ ರಕ್ತ ಒಣಗಿ ಮೂರು ವರ್ಷವಾಗಿರದ ಕಾಲದಲ್ಲಿ ಆಡಿದ ಆ ಮಾತನ್ನು ಹಗುರವಾಗಿ ಕಾಣಲು ನಮಗೆ ಮನಸ್ಸಾಗದು. ಆದರೂ ನಮ್ಮ ಒಲವು ಶಾಸ್ತ್ರಿಗಳ ಕಡೆಗೇ. ಭಯದ ಕಾಲದಲ್ಲಿ ಹೊಲಿದ ಅಂಗಿ ಯಾವಾಗಲೂ ಸಡಿಲವಾಗಿರುತ್ತದೆ. ಒಳಗೆ ಯಾರನ್ನು ಬೇಕಾದರೂ ತುಂಬಬಹುದು.

ಅದೇ ದಿನ ಇನ್ನೊಂದು ತೀರ್ಪೂ ಬಂತು. ದಿಲ್ಲಿಯ ‘ಆರ್ಗನೈಸರ್’ ಎಂಬ ವಾರಪತ್ರಿಕೆ, ಕೆಲವು ಬಗೆಯ ಬರಹಗಳನ್ನು ಅಚ್ಚಿಗೆ ಮುಂಚೆ ಅಧಿಕಾರಿಗಳಿಗೆ ತೋರಿಸಬೇಕೆಂದು ಆಜ್ಞೆಯಾಗಿತ್ತು. ಅದೂ ರದ್ದಾಯಿತು. ಒಂದು ಎಡದ ಪತ್ರಿಕೆ, ಒಂದು ಬಲದ ಪತ್ರಿಕೆ. ಒಬ್ಬರ ಮುಖ ಒಬ್ಬರು ನೋಡದವರು ಒಂದೇ ದಿನ, ಒಂದೇ ಪೀಠದಿಂದ, ಒಂದೇ ಹಕ್ಕನ್ನು ಪಡೆದು ಮನೆಗೆ ಹೋದರು. ಆ ದಿನ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ನೋಡುವ ಭಾಗ್ಯ ನಮಗಿರಲಿಲ್ಲವಲ್ಲ ಎನಿಸುತ್ತದೆ.

ಗೆಲುವು ಬಹಳ ದಿನ ಉಳಿಯಲಿಲ್ಲ. ಮರುವರ್ಷವೇ ಮೇ 12ರಂದು ನೆಹರೂ ಅವರು ಸಂವಿಧಾನದ ಮೊದಲ ತಿದ್ದುಪಡಿಯನ್ನು ಮಂಡಿಸಿದರು. ಮೊದಲ ಸಾರ್ವತ್ರಿಕ ಚುನಾವಣೆ ಇನ್ನೂ ನಡೆದಿರಲಿಲ್ಲ. ಶ್ಯಾಮಾಪ್ರಸಾದ್ ಮುಖರ್ಜಿಯವರು ಗಟ್ಟಿಯಾಗಿ ವಿರೋಧಿಸಿದರು. ಜೂನ್ 18ಕ್ಕೆ ಅದು ಜಾರಿಗೆ ಬಂತು. ‘ಸಾರ್ವಜನಿಕ ಶಾಂತಿ’, ಪರರಾಷ್ಟ್ರಗಳೊಡನೆ ಸ್ನೇಹ, ಅಪರಾಧಕ್ಕೆ ಪ್ರಚೋದನೆ ಎಂಬ ಮೂರು ಹೊಸ ಬೇಲಿಗಳು ಎದ್ದವು. ಜೊತೆಗೆ ‘ಸಮಂಜಸವಾದ’ ಎಂಬ ಒಂದು ಪದವೂ ಸೇರಿತು: ನಿರ್ಬಂಧ ಏನೇ ಇರಲಿ, ಅದು ಸಮಂಜಸವಾಗಿರಬೇಕು. ಅಂದಿನಿಂದ ಇಂದಿನವರೆಗೆ ನಮ್ಮ ಪತ್ರಿಕೆಗಳು ಗೆದ್ದ ಖಟ್ಲೆಗಳಲ್ಲಿ ಎಷ್ಟೋ ಈ ಒಂದು ಪದವನ್ನು ಹಿಡಿದು ಗೆದ್ದವು. ಪ್ರಸಾರದ ಮಾತೂ ಸಾಯಲಿಲ್ಲ. ಪತ್ರಿಕೆಯ ಬೆಲೆಗೆ ತಕ್ಕಂತೆ ಪುಟಗಳ ಸಂಖ್ಯೆಯನ್ನು ಸರಕಾರವೇ ಗೊತ್ತುಮಾಡುವುದೆಂದಾಗ ಪುಣೆಯ ‘ಸಕಾಳ’ ಅದನ್ನು ಪ್ರಶ್ನಿಸಿ 1961ರಲ್ಲಿ ಗೆದ್ದಿತು. ಬೆಲೆ ಏರಿದರೆ ಓದುಗರು ಕಡಿಮೆ, ಪುಟ ಇಳಿದರೆ ಸುದ್ದಿ ಕಡಿಮೆ, ಎರಡೂ ಹಕ್ಕಿಗೆ ಧಕ್ಕೆಯೇ ಎಂದಿತು ನ್ಯಾಯಾಲಯ. ಅಂತರಜಾಲದ ಮೂಲಕ ಆಡುವ ಮಾತಿಗೂ ಇದೇ ರಕ್ಷಣೆಯುಂಟೆಂದು 2020ರಲ್ಲಿ ತೀರ್ಪಾಗಿದೆ.

ಥಾಪರ್ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. 1959ರಲ್ಲಿ ಅವರು ಪತ್ನಿ ರಾಜ್ ಥಾಪರ್ ಅವರೊಡನೆ ‘ಸೆಮಿನಾರ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ತುರ್ತುಪರಿಸ್ಥಿತಿ ಬಂತು. ಅಚ್ಚಿಗೆ ಮುಂಚೆ ಬರಹಗಳನ್ನು ತೋರಿಸಿ ಒಪ್ಪಿಗೆ ಪಡೆಯಬೇಕೆಂದು 1976ರಲ್ಲಿ ಅವರಿಗೆ ಆಜ್ಞೆಯಾಯಿತು. ತೋರಿಸುವ ಬದಲು ಪತ್ರಿಕೆಯನ್ನೇ ನಿಲ್ಲಿಸಿದರು. ತುರ್ತುಪರಿಸ್ಥಿತಿ ಕಳೆದ ಮೇಲೆ, 1977ರಲ್ಲಿ, ಅದು ಮತ್ತೆ ಹೊರಬಂತು.

ಚೆನ್ನೈಯ ಅಮ್ಮನವರಿಗೆ ಮೊಬೈಲಿನಲ್ಲಿ ಕಳಿಸೋಣವೇ ಎಂದು ಕೇಳಿದ್ದೆವು. “ಅದು ನನ್ನ ಮೊಮ್ಮಗನಿಗಾಯಿತು, ನನಗೆ ಕಾಗದದ್ದು ಕಳಿಸಿ” ಎಂದರು. ಕಳಿಸಿದ್ದೇವೆ, ಮುಟ್ಟಿತೆಂದು ಫೋನೂ ಬಂದಿದೆ. ಮನೆ ಬದಲಿಸಿದ ಇತರ ಸದಸ್ಯರು ಹೊಸ ವಿಳಾಸವನ್ನು ಪಿನ್ ಕೋಡಿನೊಡನೆ ಮುಂದಿನ ಸಂಚಿಕೆಗೆ ಮುಂಚೆ ಸಂಘದ ಕಚೇರಿಗೆ ತಿಳಿಸಬೇಕಾಗಿ ವಿನಂತಿ.