ಎಳ್ಳಮಾಸಿಯ ರೊಟ್ಟಿ ಬುಟ್ಟಿ, ವಿಜ್ಞಾನದ ಅಕ್ಕೋರು

ಎಳ್ಳ ಅಮವಾಸ್ಯೆ ಬಂತೆಂದರೆ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು? ಕೊನೆಗೆ ಮಲಗುವವರು ಯಾರು? ಉತ್ತರ ನನಗೂ ಗೊತ್ತು, ನಿಮಗೂ ಗೊತ್ತು. ಆಕೆ ಸಾಲಿಯಲ್ಲಿ ಪಾಠ ಹೇಳುವವಳೂ ಆಗಿದ್ದರೆ ಅವಳ ಪಾಡು ಕೇಳಲೇಬೇಡಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಈ ಹಬ್ಬವನ್ನು ವಿವರಿಸಬೇಕಾಗಿಲ್ಲ. ಎರೆ ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ ನಿಂತಿರುವ ಹೊತ್ತು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ ಆಮೇಲೆ ಹೊಲದ ತುಂಬ ಚರಗ ಚೆಲ್ಲುತ್ತೇವೆ. ಅಮೆರಿಕದವರು ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅಂತ ಮಾಡುತ್ತಾರಲ್ಲ, ಇದು ನಮ್ಮ ಥ್ಯಾಂಕ್ಸ್‌ಗಿವಿಂಗ್. ಅವರಿಗೆ 1941ರ ಕಾನೂನಿನಿಂದ ದೇಶಕ್ಕೆಲ್ಲ ರಜೆ. ನಮ್ಮ ಸರಕಾರದ ಸಾರ್ವತ್ರಿಕ ರಜಾ ಪಟ್ಟಿಯಲ್ಲಿ ಎಳ್ಳ ಅಮವಾಸ್ಯೆ ಇಲ್ಲ. ಸಾಲಿಯವರು ಸ್ಥಳೀಯ ರಜೆ ಹಾಕಿಕೊಂಡರೆ ಉಂಟು. ಅದೂ ಒಂದೇ ದಿನ. ರೊಟ್ಟಿ ಬಡಿಯುವುದು ಒಂದು ದಿನದ ಕೆಲಸವೇನ್ರಿ?

ಸಿಂದಗಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಗೆಳತಿಯೊಬ್ಬಳು ನನಗಿದ್ದಾಳೆ. ಕೂಡು ಕುಟುಂಬ. ಹೊಲಕ್ಕೆ ಹೋಗುವ ಬುತ್ತಿ ಮೂವತ್ತು ಮಂದಿಯದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳು ಹಿಂಡಿ... ಪಟ್ಟಿ ಮುಗಿಯುವುದಿಲ್ಲ. ಎರಡು ರಾತ್ರಿ ಒಲೆಯ ಮುಂದೆ, ನಡುವಿನ ಹಗಲು ಹತ್ತನೆತ್ತೆಯ ರಿವಿಜನ್. "ಮೂರ್ ದಿನ ಸಾಲಿ ಬಿಟ್ರ ಏನ್ ಮುಳುಗತದವ್ವಾ?" ಅಂತ ಅತ್ತೆ. ಹೋದ ಸಲ ಆಕೆ ನನ್ನನ್ನು ಕೇಳಿದ್ದು, "ನೌಕರಿನೇ ಬಿಟ್ಟುಬಿಡಲೇನ?"

ಬಿಡಬೇಡ ಅಂದೆ. ನಿಮಗೂ ಅದನ್ನೇ ಹೇಳುತ್ತೇನೆ. ಈ ಹಬ್ಬದ ಅರ್ಥವನ್ನೇ ಸ್ವಲ್ಪ ನೋಡಿ. ಕಾಳು ಹಿಡಿಯುತ್ತಿರುವ ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಅಂತ ಚರಗ ಚೆಲ್ಲುತ್ತೇವೆ. ಭೂಮಿತಾಯಿಗೆ ಇಷ್ಟು ಅಕ್ಕರೆ ತೋರಿಸುವ ಮನೆಯಲ್ಲಿ ಸೊಸೆ ನಿಂತಲ್ಲೇ ತೂಕಡಿಸುತ್ತಿದ್ದರೆ ಯಾರೂ ನೋಡುವುದಿಲ್ಲವಲ್ಲ! ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರ ತನಗೂ ಬೇಡವೆಂದು ಬಸವಣ್ಣ ಎದ್ದು ಹೋದನೆಂಬ ಕಥೆಯನ್ನು ಬಾಗೇವಾಡಿ ಸೀಮೆಯವರು ಹೆಮ್ಮೆಯಿಂದ ಹೇಳುತ್ತೇವೆ. ಗಂಡಸರು ಒಂದು ಸಂಜೆ ಶೇಂಗಾ ಹುರಿದು ಸಿಪ್ಪೆ ತೆಗೆದುಕೊಟ್ಟರೆ ಕೈಯೇನೂ ಸವೆಯುವುದಿಲ್ಲ. ಖಡಕ್ ರೊಟ್ಟಿಯನ್ನು ಮಹಿಳಾ ಸಂಘದವರಿಂದ ಕೊಳ್ಳಿ. ವಾರಗಟ್ಟಲೆ ಕೆಡುವುದಿಲ್ಲ, ಇನ್ನೊಬ್ಬ ಹೆಣ್ಣುಮಗಳಿಗೆ ನಾಲ್ಕು ಕಾಸೂ ಸಿಗುತ್ತದೆ. "ಕೊಂಡ ರೊಟ್ಟಿ ಚರಗಕ್ಕ ನಡೀತದೇನ?" ಅಂತ ಅತ್ತೆಯವರು ಕೇಳಬಹುದು. ನೈವೇದ್ಯಕ್ಕೆ ಐದು ರೊಟ್ಟಿ ಮನೆಯಲ್ಲೇ ಬಡಿಯಿರಿ, ಮಾತು ಮುಗಿಯಿತು.

ಇನ್ನು ಅಕ್ಕೋರಿಗೆ ಒಂದು ಮಾತು. ಹಬ್ಬದ ಮರುದಿನ ಅರ್ಧ ಕ್ಲಾಸು ಖಾಲಿ ಎಂದು ಸಿಟ್ಟಾಗುತ್ತೀರಲ್ಲ, ಆ ಹೊಲವೇ ನಿಮ್ಮ ಪ್ರಯೋಗಶಾಲೆ ಆಗಬಾರದೇಕೆ? ನಾನು ಬರೀ ಬಿ.ಎ. ಓದಿದವಳು. ಆದರೆ ಗೆಳತಿ ಮಕ್ಕಳಿಂದ ಮಾಡಿಸುವುದನ್ನು ನೋಡಿ ನನಗೇ ಮತ್ತೆ ಸಾಲಿಗೆ ಹೋಗಬೇಕೆನಿಸಿದೆ. ಮುಂಜಾನೆ ಕಡಲೆ ಗಿಡ ಮುಟ್ಟಿ ಬೆರಳು ನೆಕ್ಕಿದರೆ ಹುಳಿ. ಎಲೆಯ ಮೇಲಿನ ಸಣ್ಣ ಕೂದಲು ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಸೂಸುತ್ತವೆ. ಔಷಧ ಹೊಡೆದ ಹೊಲದಲ್ಲಿ ಮಾತ್ರ ನೆಕ್ಕಗೊಡಬೇಡಿ. ದಾಸವಾಳದ ರಸದ ಕಾಗದಕ್ಕೆ ಆ ಹುಳಿ ತಾಗಿಸಿದರೆ ಗುಲಾಬಿಗೆ ತಿರುಗುತ್ತದೆ, ಇಂಡಿಯ ನಿಂಬೆರಸಕ್ಕೂ ಹಾಗೇ. ಅರಿಶಿನದ ಕಾಗದ ಆಮ್ಲಕ್ಕೆ ಬದಲಾಗುವುದಿಲ್ಲ. ಪಾಂಡವರಿಗೆ ಹಚ್ಚಿದ ಸುಣ್ಣದ ನೀರು ಬಿದ್ದರೆ ಕೆಂಪಾಗುತ್ತದೆ. ಆಮ್ಲ, ಪ್ರತ್ಯಾಮ್ಲದ ಪಾಠ ಹೊಲದಲ್ಲೇ ಮುಗಿಯಿತು.

ಚಂದ್ರನ ಲೆಕ್ಕ ಇನ್ನೂ ಚಂದ. 2024ರಲ್ಲಿ ಎಳ್ಳ ಅಮವಾಸ್ಯೆ ಎರಡು ಸಲ ಬಂತು, ಜನವರಿ 11ಕ್ಕೆ ಮತ್ತು ಡಿಸೆಂಬರ್ 30ಕ್ಕೆ. ಯಾಕೆ? ಅಮವಾಸ್ಯೆಯಿಂದ ಅಮವಾಸ್ಯೆಗೆ ಸುಮಾರು 29.5 ದಿನ, ಹನ್ನೆರಡು ಸಲಕ್ಕೆ 354. ಎರಡು ತಾರೀಕುಗಳ ನಡುವೆ ಎಷ್ಟು ದಿನವೆಂದು ಮಕ್ಕಳೇ ಕ್ಯಾಲೆಂಡರ್ ಹಿಡಿದು ಎಣಿಸಲಿ. ಚರಗ ತಿನ್ನಲು ಬಂದ ಹಕ್ಕಿ ಹುಳವನ್ನೂ ತಿನ್ನುತ್ತವೆ ಎಂಬ ಮಾತಿದೆ. ಅದನ್ನು ವಿಜ್ಞಾನವೆಂದು ಸುಮ್ಮನೆ ಬರೆಸಬೇಡಿ. ಚರಗ ಚೆಲ್ಲಿದ ಸಾಲಿನಲ್ಲೊಮ್ಮೆ, ಚೆಲ್ಲದ ಸಾಲಿನಲ್ಲೊಮ್ಮೆ ಹುಳ ಎಣಿಸಿ ನೋಡಲು ಹೇಳಿ.

ಈ ಸಲ ಹೊಲದಿಂದ ಬರುವಾಗ ಮಕ್ಕಳ ಕೈಲಿ ಒಂದು ಕಡಲೆ ಗಿಡ ಬೇರುಸಹಿತ ತರಿಸಿ. ಕೀಳಬಾರದು, ಸುತ್ತ ಅಗೆದು ಮಣ್ಣಿನ ಹೆಂಟೆಯೊಂದಿಗೆ ಎತ್ತಿ ಒದ್ದೆ ಬಟ್ಟೆಯಲ್ಲಿ ಸುತ್ತಬೇಕು. ಬುಟ್ಟಿ ಹೇಗೂ ಖಾಲಿಯಾಗಿರುತ್ತದೆ, ಅದರಲ್ಲೇ ಇಟ್ಟರಾಯಿತು. ಸಾಲಿಯಲ್ಲಿ ನೀರಿನಲ್ಲಿ ನೆನೆಸಿ ಮಣ್ಣು ಬಿಡಿಸಿದರೆ ಬೇರಿನ ಗಂಟು ಕಾಣುತ್ತವೆ. ಒಂದನ್ನು ಬ್ಲೇಡಿನಿಂದ ಕೊಯ್ಯಿರಿ. ಒಳಗೆ ಗುಲಾಬಿ ಬಣ್ಣವಿದ್ದರೆ ಅಲ್ಲಿ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತಿವೆ ಎಂದು ಅರ್ಥ.