ಲೇಸರ್‌ಗೆ ಕನ್ನಡ ಬರುತ್ತದೆ, ಮಾಲೀಕರಿಗೆ ಬರುವುದಿಲ್ಲ!

ಕನ್ನಡಿಗರೇ, ಪೀಣ್ಯದ ಶೆಡ್ಡುಗಳನ್ನು ಒಮ್ಮೆ ಸುತ್ತಿ ಬನ್ನಿ. ಪ್ರೆಸ್ಸು, ಲೇತು, ಪಂಪುಗಳ ಮೈಮೇಲಿನ ಲೋಹದ ಫಲಕಗಳನ್ನು ಓದಿ. ಎತ್ತ ನೋಡಿದರೂ ಇಂಗ್ಲಿಷ್! ‘ಕೈ ಹಾಕಬೇಡಿ’ ಎಂಬ ಎಚ್ಚರಿಕೆಯೂ ಇಂಗ್ಲಿಷಿನಲ್ಲೇ. ಆ ಪ್ರೆಸ್ಸಿನ ಮುಂದೆ ನಿಲ್ಲುವವನು ಯಾರು? ಕುಣಿಗಲ್ಲಿನಿಂದಲೋ ಶಿರಾದಿಂದಲೋ ಯಾದಗಿರಿಯಿಂದಲೋ ಹೊಟ್ಟೆಪಾಡಿಗೆ ಬಂದ ಹುಡುಗ. ಬೆರಳು ಅವನದು, ಭಾಷೆ ಮಾತ್ರ ಇನ್ನಾರದೋ!

ಕೇಳಿದರೆ ಮಾಲೀಕರದು ಹಳೆಯ ರಾಗ: ‘ಲೋಹದ ಮೇಲೆ ಕನ್ನಡ ಕೆತ್ತೋದು ಕಷ್ಟ ಸ್ವಾಮಿ.’ ಉಕ್ಕಿನ ಅಚ್ಚನ್ನು ಸುತ್ತಿಗೆಯಿಂದ ಹೊಡೆದು ಅಕ್ಷರ ಮೂಡಿಸುತ್ತಿದ್ದ ಕಾಲಕ್ಕೆ ಈ ಮಾತನ್ನು ಒಪ್ಪೋಣ. ಇಂಗ್ಲಿಷಿಗೆ 26 ಅಚ್ಚು ಸಾಕಿತ್ತು; ಕಾಗುಣಿತ, ಒತ್ತಕ್ಷರ ಸೇರಿ ಕನ್ನಡಕ್ಕೆ ನೂರಾರು ಬೇಕಿತ್ತು. ಈಗ ಬಂದಿರುವುದು ಫೈಬರ್ ಲೇಸರ್! ಅಚ್ಚೂ ಇಲ್ಲ, ಸುತ್ತಿಗೆಯೂ ಇಲ್ಲ. ಯಟರ್ಬಿಯಂ ಬೆರೆತ ಗಾಜಿನ ಎಳೆಯಲ್ಲಿ ಹುಟ್ಟುವ, ಸುಮಾರು 1064 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಬೆಳಕು ಅದು. ಎರಡು ಪುಟ್ಟ ಕನ್ನಡಿಗಳು ಅದನ್ನು ಕಂಪ್ಯೂಟರ್ ಹೇಳಿದತ್ತ ತಿರುಗಿಸುತ್ತವೆ. 20 ವ್ಯಾಟಿನ ಯಂತ್ರವೇ ಸ್ಟೀಲು, ಹಿತ್ತಾಳೆ, ಅಲ್ಯೂಮಿನಿಯಂ ಮೇಲೆ ಅಳಿಯದ ಗುರುತು ಹಾಕುತ್ತದೆ. ಆ ಬೆಳಕಿಗೆ ಇಂಗ್ಲಿಷೂ ಒಂದೇ, ಕನ್ನಡದ ‘ಕ್ಷ’ವೂ ಒಂದೇ. ಎರಡೂ ಬರಿಯ ಗೆರೆ!

ಕೆಲವು ಲೇಸರ್ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ, ನಿಜ. ಮದ್ದೂ ಸುಲಭ. ಕೋರೆಲ್ ಡ್ರಾದಲ್ಲೋ, ಪುಕ್ಕಟೆ ಸಿಗುವ ಇಂಕ್‌ಸ್ಕೇಪಿನಲ್ಲೋ ಕನ್ನಡ ಬರೆದು, ಅಕ್ಷರಗಳನ್ನು ಗೆರೆಚಿತ್ರವಾಗಿ ಮಾರ್ಪಡಿಸಿ ಯಂತ್ರಕ್ಕೆ ಕೊಡಿ. ಒಮ್ಮೆ ಮಾಡಿಟ್ಟರೆ ಸಾವಿರ ಫಲಕಕ್ಕೂ ಅದೇ ಸಾಕು. ಮದುವೆ ಉಡುಗೊರೆಯ ಪಾತ್ರೆಯ ಮೇಲೆ ಪಾತ್ರೆ ಅಂಗಡಿಯವನು ಕೈಮೆಷಿನ್ನು ಹಿಡಿದು ಚೆಂದದ ಕನ್ನಡ ಕೆತ್ತಿಕೊಡುತ್ತಾನೆ. ಅವನ ಕೈಲಾಗುವುದು ಲಕ್ಷಗಟ್ಟಲೆ ಸುರಿದು ಲೇಸರ್ ತಂದವರ ಕೈಲಾಗದೇ? ಕೊರತೆ ಯಂತ್ರದ್ದಲ್ಲ, ಮನಸ್ಸಿನದು!

ಕಾರ್ಖಾನೆಯಲ್ಲಿ ಹಾಕುವ ಕಡ್ಡಾಯ ಸೂಚನೆಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆಗಳು ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸೂಚಿಸಿತು. ಸೂಚನೆ ಕಡತದಲ್ಲಿ ನಿದ್ದೆ ಹೊಡೆದರೆ ಹುಡುಗನ ಬೆರಳು ಉಳಿದೀತೇ?

ನಮ್ಮ ಒತ್ತಾಯ ಸ್ಪಷ್ಟ. ಸರ್ಕಾರ ತಾನು ಕೊಳ್ಳುವ ಪ್ರತಿ ಪಂಪು, ಮೋಟಾರು, ಯಂತ್ರದ ಟೆಂಡರಿನಲ್ಲೇ ಕನ್ನಡ ಫಲಕದ ಷರತ್ತು ಹಾಕಲಿ. ಕನ್ನಡವಿಲ್ಲದ ಮಾಲು ಬಂದ ದಾರಿಯಲ್ಲೇ ವಾಪಸ್ಸು ಹೋಗಲಿ. ಲೇಸರ್ ಅಂಗಡಿ ಇಟ್ಟಿರುವ ಕನ್ನಡದ ತರುಣರೇ, ಗಿರಾಕಿ ಬಾಯಿ ಬಿಡುವ ಮುನ್ನ ನೀವೇ ‘ಕನ್ನಡದಲ್ಲೂ ಹಾಕಲೇ?’ ಎಂದು ಕೇಳಿ. ಕಾರ್ಮಿಕ ಬಂಧುಗಳೇ, ನೀವು ದುಡಿಯುವ ಯಂತ್ರದ ಮೇಲೆ ನಿಮ್ಮ ನುಡಿ ಕೇಳುವುದು ಭಿಕ್ಷೆಯಲ್ಲ, ಹಕ್ಕು!

ಹಲ್ಮಿಡಿಯ ಕಲ್ಲಿನ ಮೇಲೆ ಉಳಿಯಿಂದ ಕನ್ನಡ ಕೆತ್ತಿದವರ ಮಕ್ಕಳು ನಾವು. ಉಕ್ಕಿನ ಮೇಲೆ ಬೆಳಕಿನಿಂದ ಕೆತ್ತಲು ಯಾರ ಅಪ್ಪಣೆ ಬೇಕು?